ಎಡ ಹೆಗಲಿನ ಅಳತೆ

ಹೊಸ ಸೂಟಿನ ಬಟ್ಟೆಗೆ ಬಿಸಿ ಇಸ್ತ್ರಿ ತಾಗಿದ ವಾಸನೆ ಬಂದರೆ ಈಗಲೂ ನನಗೆ ನಿಪ್ಪಾಣಿಯ ದರ್ಜಿ ಅಂಗಡಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹತ್ತನೆಯ ತರಗತಿಯ ಬೀಳ್ಕೊಡುಗೆ ಸಮಾರಂಭಕ್ಕೆ ಸೂಟು ಹೊಲಿಸಲು ಅವ್ವ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದಳು. ನೀಲಿ ಬಟ್ಟೆಯನ್ನು ನಾನೇ ಆರಿಸಿದ್ದೆ. ಅದು ಅಂಗೈಗೆ ತಣ್ಣಗೆ, ನುಣ್ಣಗೆ ತಾಗುತ್ತಿತ್ತು. ಗೋಡೆಯ ಚಿತ್ರದಲ್ಲಿದ್ದವನ ಹಾಗೆ ಮೈಗೊಪ್ಪುವ ಕೋಟು ಬೇಕೆಂದು ದರ್ಜಿಗೆ ಹೇಳಿದೆ.

ಅವರು ಟೇಪು ಹಿಡಿದು ನನ್ನ ಹೆಗಲು ಮುಟ್ಟಿದರು. "ಎಡಗಡೆ ಎರಡ ಬೆರಳ ಕೆಳಗೈತಿ. ಬ್ಯಾರೆ ಬ್ಯಾರೆ ಅಳತಿ ತಗೊಂಡ್ರ ಛಂದ ಕೂಡ್ರತೈತ್ರಿ ಅಕ್ಕಾರ."

"ಬ್ಯಾಡ್ರಿ, ಸಡ್ಲ ಹೊಲೀರಿ," ಎಂದಳು ಅವ್ವ. "ಬಿಗಿ ಆದ್ರ ಎಲ್ಲಾ ಎದ್ದ ಕಾಣತೈತಿ."

"ಕಾಣಲಿ ಬೇ! ಸಾಲ್ಯಾಗ ಎಲ್ಲಾರಿಗೂ ಗೊತ್ತೈತಿ. ಹಾಕ್ಕೊಳ್ಳಾಂವ ನಾನೋ, ನೀನೋ?" ಎಂದು ಕೂಗಿದೆ.

ಆರನೆಯ ವಯಸ್ಸಿನಲ್ಲಿ ಕಬ್ಬಿನ ಗಾಡಿಯಿಂದ ಬಿದ್ದು ಆ ಹೆಗಲು ಮುರಿದಿತ್ತು. ನಾನು ಹಠ ಮಾಡಿದೆನೆಂದು ಗಾಡಿಯ ಮೇಲೆ ಕೂರಿಸಿದವಳು ಅವ್ವ. ಈಗ ಅವಳು ದರ್ಜಿಯ ಕಡೆ ತಿರುಗಿ, "ಸಡ್ಲನ ಇರ್ಲಿ," ಎಂದಷ್ಟೇ ಹೇಳಿದಳು.

ಸಮಾರಂಭದ ದಿನ ಕೋಟಿನ ತೋಳು ಬೆರಳ ತನಕ ಇಳಿದಿತ್ತು. "ಯಾರ ಕೋಟ ಲೇ ಇದು?" ಎಂದು ಗೆಳೆಯರು ನಕ್ಕರು. ಗುಂಪಿನ ಫೋಟೋ ತೆಗೆಯುವಾಗ ಮಾತ್ರ ಮೂಲೆಯಿಂದ ಎದ್ದು ಬಂದೆ.

ಫೋಟೋ ಮನೆಗೆ ಬಂದಾಗ ಅವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರಲ್ಲಿದ್ದ ನನ್ನ ಹೆಗಲ ಮೇಲೆ ಹೆಬ್ಬೆರಳು ಆಡಿಸುತ್ತ, "ನೋಡಪಾ, ಏನೂ ಗೊತ್ತಾಗಂಗಿಲ್ಲ," ಎಂದಳು.

ನಾನು ಅದನ್ನು ಕಿತ್ತುಕೊಳ್ಳಲು ಹೋದೆ. ಅವಳು ಬಿಡಲಿಲ್ಲ.