ಸುಮ್ಮನೆ ಸತ್ತ ತಮ್ಮ

"ಹಾಗಾದರೆ ನನ್ನ ತಮ್ಮ ಸತ್ತದ್ದಕ್ಕೂ ಕಾರಣ ಇಲ್ವಾ ಸರ್?"

ಬಿ.ಎ. ತರಗತಿಯಲ್ಲಿ ಶಶಿಪ್ರಭಾ ಎದ್ದು ನಿಂತು ಹೀಗೆ ಕೇಳಿದಾಗ ಲೋಕನಾಥ ರೈಗಳ ಮಾತು ಅರ್ಧಕ್ಕೇ ನಿಂತಿತು. ಮೂಡುಬಿದಿರೆಯ ಮಕ್ಕಳಿಗೆ ಈ ಹೊಸ ಅಸ್ತಿತ್ವವಾದವನ್ನು ಕಲಿಸಬೇಕೆಂದು ಮೈಸೂರಿನಿಂದ ಉತ್ಸಾಹ ಹೊತ್ತು ಬಂದಿದ್ದ ಉಪನ್ಯಾಸಕರು ಅವರು. ಮನುಷ್ಯ ಅರ್ಥ ಕೇಳುತ್ತಾನೆ, ಲೋಕ ಉತ್ತರ ಕೊಡುವುದಿಲ್ಲ, ಇದೇ ಅಸಂಗತ ಎಂದು ಆಗಷ್ಟೇ ವಿವರಿಸಿದ್ದರು.

"ತಮ್ಮನಿಗೆ ಏನಾಯ್ತು?" ಎಂದು ಮೆಲ್ಲಗೆ ಕೇಳಿದರು.

"ಬಂಟ್ವಾಳದ ಹೊಳೆಯಲ್ಲಿ ನಾನು ಬಟ್ಟೆ ಒಗೆಯುತ್ತಾ ಇದ್ದೆ ಸರ್. ಅವನನ್ನು ನೋಡಿಕೋ ಅಂತ ಅಮ್ಮ ಹೇಳಿದ್ದರು. ತಿರುಗಿ ನೋಡುವಾಗ ಅವ ಇರಲಿಲ್ಲ." ಸೀರೆಯ ಸೆರಗನ್ನು ಅವಳು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು; ಬೆರಳ ತುದಿ ರಕ್ತಗಟ್ಟಿ ಕಪ್ಪಾಗಿತ್ತು.

ರೈಗಳಿಗೆ ತಾನು ಓದಿದ್ದು ಕೊನೆಗೂ ಒಂದು ಜೀವಕ್ಕೆ ಉಪಯೋಗವಾದೀತು ಎಂದು ಅನ್ನಿಸಿತು. "ಅದು ನಿನ್ನ ತಪ್ಪಲ್ಲ ಮಗಾ. ಯಾವ ಜನ್ಮದ ಕರ್ಮವೂ ಅಲ್ಲ. ಅದಕ್ಕೆ ಕಾರಣ ಅಂತ ಒಂದು ಇಲ್ಲವೇ ಇಲ್ಲ. ಆಯಿತು, ಅಷ್ಟೆ," ಎಂದು ಹೇಳಿ, ಅವಳ ಮುಖ ಹಗುರಾಗುವುದನ್ನು ಕಾದರು.

ಅವಳ ಮುಖ ಬಿಳಿಚಿಕೊಂಡಿತು. "ಬೇಡ ಸರ್, ನನ್ನ ತಪ್ಪು ಅಂತಲೇ ಇರಲಿ," ಎಂದಳು. "ಅವ ಸುಮ್ಮನೆ ಸತ್ತ ಅಂತ ಮಾತ್ರ ಹೇಳಬೇಡಿ."

ಇಡೀ ತರಗತಿ ರೈಗಳನ್ನೇ ನೋಡುತ್ತಿತ್ತು. ಅವಳಿಗೆ ಸಮಾಧಾನವೆಂದು ಹೇಳಲು ಅವರಲ್ಲಿದ್ದುದು ಕಾರಣವಿಲ್ಲ ಎಂಬ ಅದೊಂದೇ ಮಾತು. ಅದನ್ನು ಆಗಲೇ ಹೇಳಿಬಿಟ್ಟಿದ್ದರು.