ಉಳಿದ ವಿಳಾಸಗಳು

"ಕೊಡಲ್ಲ ಅಂತ ನನ್ನ ಮುಖ ನೋಡಿ ಹೇಳು," ಎಂದಳು ಅಕ್ಕ, ಎಳೆದಿಟ್ಟ ಕುರ್ಚಿಯಲ್ಲಿ ಕೂರದೆಯೇ.

"ಕೊಡೋಕಾಗಲ್ಲ ಅಕ್ಕ," ಎಂದಳು ತಂಗಿ. ಮುಖ ನೋಡಲು ಮಾತ್ರ ಆಗಲಿಲ್ಲ.

ತಂಗಿ ಕೆಲಸ ಮಾಡುತ್ತಿದ್ದದ್ದು ಇಂಟರ್ನೆಟ್ ವಿಳಾಸಗಳನ್ನು, ಅಂದರೆ ಜಾಲಕ್ಕೆ ಸೇರಲು ಬೇಕಾದ ಸಂಖ್ಯೆಗಳನ್ನು, ಹಂಚುವ ನೋಂದಣಿ ಕಚೇರಿಯಲ್ಲಿ. ಇದ್ದ ಸಂಖ್ಯೆಗಳನ್ನು ಹಂಚಿ ಹಂಚಿ ತಳ ಕಾಣತೊಡಗಿತ್ತು. ಉಳಿದ ಚೂರುಪಾರು ಈವರೆಗೆ ಏನೂ ಸಿಗದವರಿಗೆ ಮಾತ್ರ, ಅದೂ ಒಂದೇ ಸಲ ಎಂಬುದು ನಿಯಮ. ಮನೆಮನೆಗೆ ಇಂಟರ್ನೆಟ್ ಎಳೆದುಕೊಟ್ಟು ಬದುಕುವ ಅಕ್ಕ ತನ್ನ ಪಾಲನ್ನು ಎಂದೋ ಪಡೆದಾಗಿತ್ತು. ಅವಳ ಎರಡನೆಯ ಅರ್ಜಿಯನ್ನು ಪಕ್ಕದ ಮೇಜಿನವರು ತಳ್ಳಿಹಾಕಿದ್ದರು. ಆ ಮಾತು ಬೇರೆಯವರ ಬಾಯಿಂದ ಅವಳ ಕಿವಿಗೆ ಬೀಳುವುದು ಬೇಡವೆಂದು ತಂಗಿಯೇ ಕರೆಸಿದ್ದಳು.

"ಮನೆಗಳಿಗೆಲ್ಲ ಒಳಗೊಳಗೇ ನಡೆಯೋ ಖಾಸಗಿ ವಿಳಾಸ ಹಾಕು," ಎಂದಳು ತಂಗಿ. " ಅದಕ್ಕೆ ಯಾರ ಅಪ್ಪಣೆನೂ ಬೇಡ. ಹೊರಗಡೆಗೆ ಇಡೀ ಬೀದಿಗೆ ಒಂದು ವಿಳಾಸ ಇದ್ರಾಯ್ತು."

"ಹಾಕಿದ್ದೀನಮ್ಮ, ಹಾಕಿಯೇ ಈ ಪಾಡು. ಬೀದಿಯಲ್ಲಿ ಯಾವನೋ ಒಬ್ಬ ಆಸ್ಪತ್ರೆಯ ಸೈಟಿನಲ್ಲಿ ಕಿತಾಪತಿ ಮಾಡಿದ. ಹೊರಗಿನವರಿಗೆ ಕಾಣೋದು ಒಂದೇ ವಿಳಾಸ ತಾನೆ? ಆಸ್ಪತ್ರೆಯವರು ಆ ವಿಳಾಸನೇ ತಡೆದು ಇಡೀ ಬೀದಿಗೇ ಬಾಗಿಲು ಹಾಕಿಬಿಟ್ರು. ಬಾಣಂತಿಯೊಬ್ಬಳು, ಮಗು ಮೈ ಕೆಂಡ, ಫೋನಿನ ಪರದೆ ಮೇಲೆ ಡಾಕ್ಟರು ಸಿಗದೆ ನನ್ನ ಮನೆಗೆ ಓಡಿಬಂದು ಅತ್ತಳು. ಅವಳಿಗೆ ನಿನ್ನ ನಿಯಮ ಓದಿ ಹೇಳ್ಲಾ?"

ತಂಗಿ ತಲೆಯೆತ್ತಿದಳು. "ಮಗು?"

"ಹುಷಾರಾಗಿದೆ. ನನ್ನ ಸ್ಕೂಟರ್ ಮೇಲೇ ಆಸ್ಪತ್ರೆಗೆ ಕರ್ಕೊಂಡು ಹೋದೆ."

ತಂಗಿ ಗಾಜಿನ ಬಾಗಿಲಿನಾಚೆ ಕೈ ತೋರಿಸಿದಳು. ಬೆಂಚಿನ ಮೇಲೆ, ಮಡಿಲಲ್ಲಿ ಚೀಲವಿಟ್ಟುಕೊಂಡು ಒಬ್ಬ ಹೆಂಗಸು, ಪಕ್ಕದಲ್ಲಿ ಅವಳ ಗಂಡ. "ಅವರದು ಬೆಟ್ಟದಾಚೆ ಊರು. ನಿನ್ನ ಹಾಗೇ ಮನೆಗಳಿಗೆ ಇಂಟರ್ನೆಟ್ ಎಳೆಯೋದನ್ನ ಈಗಷ್ಟೇ ಶುರು ಮಾಡ್ತಿದ್ದಾರೆ. ನಿನಗೆ ಕೊಟ್ರೆ ಅವರಿಗೆ ಇಲ್ಲ ಅನ್ಬೇಕಾಗುತ್ತೆ. ಆ ಮಾತು ನೀನೇ ಹೋಗಿ ಹೇಳ್ತೀಯಾ?"

ಅಕ್ಕ ಅವರನ್ನೇ ನೋಡುತ್ತ ನಿಂತಳು. ಆಮೇಲೆ ಬಾಗಿಲು ತಳ್ಳಿಕೊಂಡು ಹೊರಟುಹೋದಳು. ಇನ್ನು ಇವಳು ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡಳು ತಂಗಿ. ಕಣ್ಣೊರೆಸಿಕೊಂಡು, ನೀರು ಕುಡಿದು, ಕಾದಿದ್ದವರನ್ನು ಕರೆಯಲು ಬಾಗಿಲು ತೆರೆದಳು.

ಗಂಡ ಹೆಂಡಿರ ನಡುವೆ ಅಕ್ಕ ಒತ್ತರಿಸಿಕೊಂಡು ಕೂತಿದ್ದಳು. ಗಾಳಿಯಲ್ಲಿ ಬೆರಳಾಡಿಸುತ್ತ ಬೀದಿ ಬಿಡಿಸುತ್ತಿದ್ದಳು. "ಒಂದೇ ವಿಳಾಸಕ್ಕೆ ಬೀದಿ ಪೂರ್ತಿ ಕಟ್ಟಿಹಾಕ್ಬೇಡಿ. ನನ್ನ ಹಾಗೆ ಒದ್ದಾಡ್ತೀರ. ಮೊದಲು ಶಾಲೆ, ದವಾಖಾನೆ, ಇವಕ್ಕೆ ಬೇರೆ ಬೇರೆ ವಿಳಾಸ ತೆಗೆದಿಡಿ."

"ಆಮೇಲೆ ಸಾಲದೆ ಹೋದ್ರೆ?" ಎಂದಳು ಆ ಹೆಂಗಸು.

"ಸಾಲೋದೇ ಇಲ್ಲ." ಅಕ್ಕ ಬಾಗಿಲಲ್ಲಿ ನಿಂತ ತಂಗಿಯನ್ನು ಈಗ ನೋಡಿದಳು. "ಆಗ ನಂಗೊಂದು ಫೋನ್ ಮಾಡಿ. ಇವಳ ಹತ್ರ ಜಗಳಕ್ಕೆ ಒಟ್ಟಿಗೇ ಬರೋಣ."