ಮಂಗಳವಾರದ ಬೆಂಚು

ಎರಡನೆಯ ಪ್ರಶ್ನೆಗೂ ಮುದುಕಿ ನಕ್ಕಾಗ ಸುಮಿತಾಗೆ ಅನುಮಾನ ಬಂತು.

ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದಂತೆ, ಯಾವ ಭರವಸೆಯೂ ಉಳಿದಿಲ್ಲವೆಂಬಂತೆ ಎಷ್ಟು ದಿನ ಅನಿಸಿದೆ? ಅದನ್ನು ದುಭಾಷಿಯಾಗಿ ಕೂತಿದ್ದ ಅಯಾಜ ಉರ್ದುವಿನಲ್ಲಿ ಹೇಳಿದ. ಮುದುಕಿ ನಕ್ಕು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಏನೋ ಒಂದು ಮಾತು ಹೇಳಿದಳು. ಅಯಾಜ ನೆಲ ನೋಡುತ್ತ ಅದನ್ನು ಕನ್ನಡಕ್ಕೆ ತಂದ.

"ದಿನಾ ಅನಸ್ತೈತಂತ್ರಿ. ಒಂದು ದಿನಾನೂ ತಪ್ಪಿಲ್ಲ."

ದಿನಾ ಎಂದರೆ ಮೂರು ಅಂಕ. ಸುಮಿತಾ ಬರೆದುಕೊಂಡಳು. ಒಳಗೆ ಅಳು ಇಟ್ಟುಕೊಂಡು ಹೊರಗೆ ನಗುವವರನ್ನು ಅವಳು ಬೇಕಾದಷ್ಟು ನೋಡಿದ್ದಳು.

ಅವಳು ಮಂಡ್ಯದ ಕಡೆಯವಳು. ಹಳಿಯಾಳದ ಈ ಸಣ್ಣ ದವಾಖಾನೆಗೆ ಆಪ್ತಸಮಾಲೋಚಕಿಯಾಗಿ ಬಂದು ಆರು ತಿಂಗಳಾಗಿತ್ತು. ಮಂಗಳವಾರ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಕೋಣೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಗುಳಿಗೆ, ಪಕ್ಕದ ಕೋಣೆಗೆ ಧಾರವಾಡದಿಂದ ಮನೋವೈದ್ಯರು. ವೈದ್ಯರನ್ನು ನೋಡುವ ಮೊದಲು ಎಲ್ಲರಿಗೂ ಒಂಬತ್ತು ಪ್ರಶ್ನೆ ಕೇಳಿ, ಅಂಕ ಕೂಡಿಸಿ, ಯಾರು ಮೊದಲು ಒಳಗೆ ಹೋಗಬೇಕೆಂದು ತೀರ್ಮಾನಿಸುವುದು ಸುಮಿತಾಳ ಕೆಲಸ. ಉತ್ತರ ರೋಗಿಯದೇ ಆಗಿರಬೇಕು ಎಂಬುದು ಅವಳ ಹಟ. ಇಲ್ಲಿಯ ಜನರೋ, ಒಬ್ಬರನ್ನು ಕೇಳಿದರೆ ಜೊತೆಗೆ ಬಂದ ನಾಲ್ವರು ಉತ್ತರ ಕೊಡುವವರು. ಅತ್ತೆಯ ನಿದ್ದೆಯ ವರದಿಯನ್ನು ಸೊಸೆ ಒಪ್ಪಿಸುತ್ತಾಳೆ, ಗಂಡನ ಹಸಿವಿನದನ್ನು ಹೆಂಡತಿ. ಅಂಥವರನ್ನೆಲ್ಲ ಹೊರಗೆ ಕಳಿಸಿ ಸುಮಿತಾ ಬಾಗಿಲು ಹಾಕುತ್ತಿದ್ದಳು. ತನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ ಎಂಬ ಹೆಮ್ಮೆ ಅವಳಿಗಿತ್ತು.

ಈ ಮುದುಕಿ ಸುಗರಾ ಮಾತ್ರ ಒಂಟಿಯಾಗಿ ಬಂದಿದ್ದಳು. ಮಡಚಿದ ಕೇಸ್ ಪೇಪರನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, ಕನ್ನಡ ಬಾರದೆಂದು ಕೈಯಾಡಿಸಿದಳು. ಅಲ್ಲೇ ಪಕ್ಕದಲ್ಲಿ ಇಬ್ಬರು ಹೆಂಗಸರು ಉರ್ದುವಿನಲ್ಲಿ ಜೋರಾಗಿ ಹರಟುತ್ತಿದ್ದರು. ಮುದುಕಿ ಅವರನ್ನು ದಾಟಿ ಹೋಗಿ, ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ ಅಯಾಜನ ರಟ್ಟೆ ಹಿಡಿದು ಎಳೆದು ತಂದಳು.

ಅಯಾಜ ಬಸ್ ನಿಲ್ದಾಣದ ಬಳಿಯ ಬೈಕ್ ಮೆಕ್ಯಾನಿಕ್. ಮೂರು ಮಂಗಳವಾರದಿಂದ ಅದೇ ಬೆಂಚಿನಲ್ಲಿ ಕಾಣಿಸುತ್ತಿದ್ದ. ಕೇಳಿದರೆ, "ಒಬ್ಬರ ಜೋಡಿ ಬಂದೇನ್ರಿ" ಎನ್ನುತ್ತಿದ್ದ. ಯಾರ ಜೋಡಿ ಎಂದು ಕೇಳಲು ಸುಮಿತಾಗೆ ಪುರಸೊತ್ತು ಸಿಕ್ಕಿರಲಿಲ್ಲ.

"ಅಜ್ಜಿ, ತುಂಬ ಬೆವರ್ತಾ ಇದೀರಿ. ಫ್ಯಾನ್ ಕೆಳಗೆ ಬನ್ನಿ" ಎಂದಳು ಸುಮಿತಾ. ಅಯಾಜ ಬಾಯಿ ತೆರೆಯುವ ಮೊದಲೇ ಮುದುಕಿ ಕುರ್ಚಿ ಎಳೆದುಕೊಂಡು ಫ್ಯಾನಿನ ಕೆಳಗೆ ಕೂತಳು.

ಮೂರನೆಯದು ನಿದ್ದೆ.

"ನಿದ್ದಿ ಬರೂದಿಲ್ಲರಿ. ಬೆಳಗಾಗೂತನಾ ಜಂತಿ ಎಣಸೂದು."

ಐದನೆಯದು ಹಸಿವು.

"ರೊಟ್ಟಿ ಮುಂದಿಟ್ರೂ ಗಂಟಲಾಗ ಇಳಿಯಂಗಿಲ್ಲ."

ರೊಟ್ಟಿ ಇಳಿಯದ ಮುದುಕಿ ದುಂಡುದುಂಡಗಿದ್ದಳು. ಅದೂ ಅಲ್ಲದೆ ಪ್ರತಿ ಪ್ರಶ್ನೆಗೂ ಅವಳು ಅದೇ ಒಂದು ಮಾತು ಹೇಳಿದಂತೆ ಸುಮಿತಾಗೆ ಕೇಳಿಸಿತು. ಬಾರದ ಭಾಷೆ ಎಲ್ಲ ಒಂದೇ ಥರ ಕೇಳುತ್ತದೆ ಎಂದು ಸಮಾಧಾನ ಮಾಡಿಕೊಂಡಳು.

ಒಂಬತ್ತನೆಯ ಪ್ರಶ್ನೆಯನ್ನು ಅವಳು ಯಾವಾಗಲೂ ಪೆನ್ನು ಕೆಳಗಿಟ್ಟು ಕೇಳುತ್ತಿದ್ದಳು. ಬದುಕಿರುವುದಕ್ಕಿಂತ ಸಾಯುವುದೇ ವಾಸಿ ಎಂದು ಅನಿಸಿದ್ದುಂಟೇ?

ಅಯಾಜ ಈ ಸಲ ಉರ್ದುವಿಗೆ ಹೋಗಲೇ ಇಲ್ಲ. ಬೆರಳಿಗೆ ಅಂಟಿದ್ದ ಗ್ರೀಸನ್ನು ಬಹಳ ಹೊತ್ತು ಉಜ್ಜಿದ.

"ಒಮ್ಮೊಮ್ಮೆ ಅನಸ್ತೈತ್ರಿ. ಆದರ ಸಣ್ಣ ಮಗಳ ಮಾರಿ ನೆನಪಾಗಿ ಸುಮ್ಮನಾಗ್ತಾರ."

ಎಪ್ಪತ್ತರ ಮುದುಕಿಗೆ ಸಣ್ಣ ಮಗಳೇ? ಕೊನೆಯ ಮಗಳಿರಬೇಕು, ಪಾಪ. ಇದನ್ನು ಅಜ್ಜಿ ಮೊದಲೇ ಇವನಿಗೆ ಹೇಳಿಕೊಂಡಿರಬೇಕು ಎಂದುಕೊಂಡಳು ಸುಮಿತಾ. ಅಂಕ ಕೂಡಿಸಿದಳು. ಇಪ್ಪತ್ತೇಳಕ್ಕೆ ಇಪ್ಪತ್ತೆರಡು. ಅಷ್ಟು ಬಂದವರನ್ನು ಹಾಗೆಯೇ ಮನೆಗೆ ಕಳಿಸುವಂತಿರಲಿಲ್ಲ.

"ಅಜ್ಜೀನ ಈಗಲೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ಹೆದರಬೇಡಿ ಅಂತ ಹೇಳಿ. ಇದು ವಾಸಿ ಆಗೋ ಕಾಯಿಲೆ."

"ವಾಸಿ ಆಗ್ತೈತ್ರಿ?" ಎಂದ ಅಯಾಜ.

"ಖಂಡಿತ ಆಗುತ್ತೆ."

ಸುಮಿತಾ ಹಾಳೆಯ ತಲೆಯಲ್ಲಿ ಹೆಸರು ಬರೆಯಲು ಹೊರಟಳು. 'ಸುಗ' ಎಂಬಲ್ಲಿಗೆ ಪೆನ್ನು ಬಂದಿತ್ತು.

"ಮೇಡಂ, ಆ ಹೆಸರು ಬರೀಬ್ಯಾಡ್ರಿ." ಅಯಾಜ ಹಾಳೆಗೆ ಕೈ ಅಡ್ಡ ಹಿಡಿದ. "ಅಕಿ ಒಂದಕ್ಕೂ ಉತ್ರಾ ಕೊಟ್ಟಿಲ್ಲ. ಪ್ರತಿ ಸಲಾ, 'ನನಗ ತಿಳಿಯಂಗಿಲ್ಲಪಾ, ನಿನಗ ಹೆಂಗ ಅನಸ್ತೈತಿ ಹಂಗ ಹೇಳು' ಅಂದ್ಲು. ಹಂಗ ಹೇಳೇನಿ. ಮೂರು ವಾರದಿಂದ ನಾ ಯಾರ ಜೋಡೀನೂ ಬಂದಿಲ್ಲರಿ. ಅಯಾಜ ಅಂತ ಬರೀರಿ."

ಸುಮಿತಾಳ ಕಣ್ಣಿಗೆ ಮಣ್ಣು ಬಿದ್ದಿತ್ತು, ಅದೂ ಒಂಬತ್ತು ಸಲ. ಆದರೂ ಅವಳಿಗೆ ಸಿಟ್ಟು ಬರಲಿಲ್ಲ. ಬರೆದಷ್ಟನ್ನು ಹೊಡೆದುಹಾಕಿ ಅಯಾಜ ಎಂದು ಬರೆದಳು. ಉತ್ತರ ರೋಗಿಯದೇ ಆಗಿತ್ತು. ಒಂದು ಅಂಕವನ್ನೂ ತಿದ್ದಬೇಕಾಗಿರಲಿಲ್ಲ.

ಆಮೇಲೆ ಮುದುಕಿಯ ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಕಷ್ಟ ಹೇಳಿಕೊಳ್ಳಲು ಬಂದವಳ ಕಷ್ಟವನ್ನು ಯಾರೂ ಕೇಳಿಯೇ ಇರಲಿಲ್ಲ.

"ಒಳಗೆ ಹೋಗೋಕೆ ಮುಂಚೆ ಒಂದು ಉಪಕಾರ ಮಾಡಿ, ಅಯಾಜ್. ಅಜ್ಜಿಗೆ ಏನು ತೊಂದರೆ ಅಂತ ಉರ್ದುವಿನಲ್ಲಿ ಸರಿಯಾಗಿ ಕೇಳಿ ಹೇಳಿ."

"ಕೇಳೂದೇನೂ ಬ್ಯಾಡ, ಯವ್ವಾ" ಎಂದು ಹತ್ತಿರದ ತೇರಗಾಂವ ಹಳ್ಳಿಯ ಅಚ್ಚ ಕನ್ನಡದಲ್ಲಿ ಹೇಳುತ್ತ ಮುದುಕಿ ಎದ್ದಳು. "ನಾ ಬಂದಿದ್ದು ಬಾಜೂ ಖೋಲಿಗೆ, ಸಕ್ರಿ ಗುಳಿಗಿಗೆ. ಈ ಮಗ ನಿನ್ನ ಬಾಗಲಾ ನೋಡಿ ನೋಡಿ ಹೊಳ್ಳಿ ಹೋಗೂದು ಕಂಡೆ, ಅದಕ್ಕ ಇವತ್ತೊಂದಿನ ನನಗ ಕನ್ನಡ ಮರತಿತ್ತು."